ಒಂದೇ ಕಲ್ಲು, ಎರಡು ಓದು

(ಹಾಸನದಲ್ಲಿ ಹೈಸ್ಕೂಲು ಸಮಾಜ ವಿಜ್ಞಾನದ ಶಿಕ್ಷಕರ ಮುಂದೆ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಸಕಲೇಶಪುರದ ಕಡೆಯವರು ಯಾರು ಅಂತ ಬಾಗಿಲ ಹತ್ತಿರ ಇಟ್ಟಿರುವ ಕೊಡೆಗಳನ್ನು ನೋಡಿದರೇ ಗೊತ್ತಾಗುತ್ತದೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ತುಂಬಾ ವರ್ಷದ ಹಿಂದಿನ ಮಾತು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ‘1857ರ ಹೋರಾಟವನ್ನು ಸಿಪಾಯಿ ದಂಗೆ ಎಂದು ಕರೆದವರು ಯಾರು?’ ಒಂದು ಅಂಕದ ಪ್ರಶ್ನೆ. ಕೀ ಉತ್ತರದಲ್ಲಿ ‘ಬ್ರಿಟಿಷ್ ಇತಿಹಾಸಕಾರರು’ ಅಂತ ಇತ್ತು. ಒಬ್ಬ ಹುಡುಗಿ ಬರೆದಿದ್ದಳು: ‘ದಂಗೆ ಎದ್ದರೆ ಯಾರಿಗೆ ನಷ್ಟವೋ ಅವರು.’

ನಾನು ಸೊನ್ನೆ ಹಾಕಿದೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಪಠ್ಯ ಓದು’ ಅಂತಲೂ ಬರೆದೆ. ರಾತ್ರಿ ಊಟ ಮಾಡುವಾಗ ಆ ಸಾಲು ಮತ್ತೆ ನೆನಪಾಯಿತು. ಅಷ್ಟು ಹೊತ್ತಿಗೆ ಪೇಪರ್ ಕಟ್ಟು ಕೊಟ್ಟು ಬಂದಾಗಿತ್ತು.

ಇವತ್ತಿನ ವಿಷಯ ಅದೇ. ಒಂದೇ ಘಟನೆಯನ್ನು ಇಬ್ಬರು ಇತಿಹಾಸಕಾರರು ಎರಡು ಥರ ಹೇಳಿದಾಗ ಮಕ್ಕಳು ಪರೀಕ್ಷೆಯಲ್ಲಿ ಏನು ಬರೆಯಬೇಕು? ಅದಕ್ಕಿಂತ ಮುಖ್ಯವಾಗಿ, ನಾವು ಅದಕ್ಕೆ ಹೇಗೆ ಅಂಕ ಕೊಡಬೇಕು?

ಇಂಗ್ಲೆಂಡಿನಲ್ಲಿ ಹದಿನಾರು ವರ್ಷದ ಮಕ್ಕಳಿಗೆ ಜಿಸಿಎಸ್‌ಇ ಅಂತ ಪರೀಕ್ಷೆ ಇದೆ. ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ ಅಂದುಕೊಳ್ಳಿ. ಅಲ್ಲಿ ಎಕ್ಯೂಎ ಅನ್ನುವ ಬೋರ್ಡಿನ ಇತಿಹಾಸದ ಮೊದಲ ಪೇಪರಿನಲ್ಲಿ ಎರಡು ಚಿಕ್ಕ ಗದ್ಯಭಾಗ ಕೊಡುತ್ತಾರೆ. ಒಂದಕ್ಕೆ ‘ಎ’, ಇನ್ನೊಂದಕ್ಕೆ ‘ಬಿ’ ಅಂತ ಹೆಸರು. ಬರೆದವರು ಯಾರು, ಯಾವಾಗ, ಎಲ್ಲಿ ಬರೆದರು ಅಂತ ಜೊತೆಗೆ ಒಂದೆರಡು ಸಾಲು. ಆಮೇಲೆ ಮೂರು ಪ್ರಶ್ನೆ. ಎರಡೂ ಹೇಗೆ ಬೇರೆ? ನಾಲ್ಕು ಅಂಕ. ಯಾಕೆ ಬೇರೆ ಆಗಿರಬಹುದು? ನಾಲ್ಕು ಅಂಕ. ಯಾವುದು ಹೆಚ್ಚು ಒಪ್ಪುವಂಥದ್ದು? ಎಂಟು ಅಂಕ.

ಈ ಅಂಕದ ಹಂಚಿಕೆ ನೋಡಿ. ಬರೆದವರು ಯಾರು ಅನ್ನುವ ವಿಚಾರ ಎರಡನೇ ಪ್ರಶ್ನೆಗೆ ಮಾತ್ರ ಬೇಕಾಗುತ್ತದೆ. ಮೂರನೆಯದರಲ್ಲಿ ‘ಇವನು ಸೈನಿಕ, ಅದಕ್ಕೆ ಹೀಗೆ ಬರೆದ’ ಅಂದರೆ ಏನೂ ಸಿಗೋದಿಲ್ಲ. ಗದ್ಯದಲ್ಲಿ ಹೇಳಿರುವ ಮಾತನ್ನು ನಿನಗೆ ಗೊತ್ತಿರುವ ಸಂಗತಿಗಳ ಜೊತೆ ಇಟ್ಟು ತೂಗಬೇಕು. ಅದಕ್ಕೇ ಎಂಟು. ಆ ಪೇಪರನ್ನು ಹೊಗಳೋಕೆ ನಾನು ಇಲ್ಲಿಗೆ ಬಂದಿಲ್ಲ. ಅಲ್ಲಿನ ಮಕ್ಕಳೂ ಟ್ಯೂಷನ್‌ನಲ್ಲಿ ರೆಡಿಮೇಡ್ ಉತ್ತರ ಉರು ಹೊಡೆಯುತ್ತಾರೆ. ಆದರೆ ಈ ಮೂರು ಪ್ರಶ್ನೆಯ ಸಾಲು ನನಗೆ ಇಷ್ಟ. ನಮ್ಮ ಮಕ್ಕಳು ಹೇಗೆ, ಯಾಕೆ, ಯಾವುದು ಅನ್ನುವ ಮೂರನ್ನೂ ಕಲಸಿ ಒಂದೇ ಉಂಡೆ ಮಾಡುತ್ತಾರೆ. ‘ಎ ಬರೆದವರು ಇಂಗ್ಲಿಷರು, ಬಿ ಬರೆದವರು ಭಾರತೀಯರು, ಆದ್ದರಿಂದ ಬಿ ಸರಿ.’ ಮುಗೀತು.

1857ನ್ನೇ ತಗೊಳ್ಳಿ. ಕೊಬ್ಬು ಸವರಿದ ಕಾಡತೂಸು, ದತ್ತುಮಕ್ಕಳಿಗೆ ಹಕ್ಕಿಲ್ಲ, ಝಾನ್ಸಿ ರಾಣಿ. ಇಷ್ಟು ಎಲ್ಲರಿಗೂ ಬಾಯಿಪಾಠ. ಬ್ರಿಟಿಷರು ದಂಗೆ ಅಂದರು, ನಮ್ಮವರು ಸ್ವಾತಂತ್ರ್ಯ ಸಂಗ್ರಾಮ ಅಂದರು ಅನ್ನುವುದೂ ಬಾಯಿಪಾಠ. ಈಗ ಒಂದು ಸಂಗತಿ ಹೇಳುತ್ತೇನೆ. 1857ರ ಜುಲೈ 27. ದಿಲ್ಲಿಯಲ್ಲಿ ಇನ್ನೂ ಗುಂಡು ಹಾರುತ್ತಿದೆ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಡಿಸ್ರೇಲಿ ಎದ್ದು ನಿಂತು ಕೇಳಿದರು, ಇದು ಸೈನಿಕರ ದಂಗೆಯೋ ಇಲ್ಲಾ ಒಂದು ರಾಷ್ಟ್ರವೇ ಎದ್ದಿರುವುದೋ ಅಂತ. ಆಮೇಲೆ ಇಂಗ್ಲೆಂಡಿನ ಪ್ರಧಾನಿ ಆದವರು ಇವರು. ಸ್ವಾತಂತ್ರ್ಯ ಸಮರ ಅಂತ ಸಾವರ್ಕರ್ ಬರೆದದ್ದು 1909ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ಒಬ್ಬ ಇಂಗ್ಲಿಷಿನವರ ಬಾಯಲ್ಲಿ ಈ ಅನುಮಾನ ಬಂದಿತ್ತು.

ಇನ್ನು ನಮ್ಮವರ ಕಡೆ ಬನ್ನಿ. 1957, ನೂರು ವರ್ಷ ತುಂಬಿದ ವರ್ಷ. ಅದೇ ವರ್ಷ ಇಬ್ಬರು ಬಂಗಾಳಿ ಇತಿಹಾಸಕಾರರ ಪುಸ್ತಕ ಬಂದವು. ಆರ್.ಸಿ. ಮಜುಂದಾರ್ ಏನಂದರು? ಇದು ಮೊದಲನೆಯದೂ ಅಲ್ಲ, ರಾಷ್ಟ್ರೀಯವೂ ಅಲ್ಲ, ಸ್ವಾತಂತ್ರ್ಯ ಸಂಗ್ರಾಮವೂ ಅಲ್ಲ. ಎಸ್.ಎನ್. ಸೇನ್ ಏನಂದರು? ಧರ್ಮಕ್ಕಾಗಿ ಶುರುವಾದ ಹೋರಾಟ ಸ್ವಾತಂತ್ರ್ಯದ ಯುದ್ಧವಾಗಿ ಮುಗಿಯಿತು. ಇಬ್ಬರದೂ ಒಂದೇ ದೇಶ, ಒಂದೇ ಭಾಷೆ, ಒಂದೇ ಕಾಲ. ಈಗ ನಮ್ಮ ‘ಇಂಗ್ಲಿಷರು, ಭಾರತೀಯರು’ ಸೂತ್ರ ಎಲ್ಲಿ ಹೋಯಿತು?

ಆ ಹುಡುಗಿಯ ಉತ್ತರ ಕೀ ಉತ್ತರಕ್ಕಿಂತ ಮೇಲು. ಅದರಲ್ಲಿ ಅನುಮಾನ ಬೇಡ. ಅವಳು ಯೋಚನೆ ಮಾಡಿದ್ದಳು. ಆದರೆ ಅವಳ ಉತ್ತರಕ್ಕೂ ಮಜುಂದಾರ್ ಸಿಗೋದಿಲ್ಲ. 1857ರಿಂದ ಅವರಿಗೆ ಏನು ನಷ್ಟ ಆಗಿತ್ತು? ಏನೂ ಇಲ್ಲ. ಹೋರಾಟ ಎಲ್ಲೆಲ್ಲಿ ನಡೆಯಿತು, ಎಲ್ಲಿ ನಡೆಯಲಿಲ್ಲ, ಹೋರಾಡಿದವರು ಒಂದೇ ಗುರಿ ಇಟ್ಟುಕೊಂಡಿದ್ದರಾ ಅಂತ ಅವರು ನೋಡಿದರು. ‘ರಾಷ್ಟ್ರ’ ಅನ್ನುವ ಪದಕ್ಕೆ ಗಟ್ಟಿ ಅಳತೆಗೋಲು ಇಟ್ಟರು. ಸೇನ್ ನೋಡಿದ್ದು ಶುರುವಾದ ಕಡೆಯಿಂದ ಮುಗಿದ ಕಡೆಗೆ ಅದು ಹೇಗೆ ಬದಲಾಯಿತು ಅಂತ. ಜಗಳ ಇರುವುದು ಬರೆದವರ ಊರಿನಲ್ಲಲ್ಲ, ಅವರು ಕೇಳಿಕೊಂಡ ಪ್ರಶ್ನೆಯಲ್ಲಿ.

ನಾನು ತರಗತಿಯಲ್ಲಿ ಇದಕ್ಕೆ ‘ಹಗರೆ ಹುಡುಕೋದು’ ಅನ್ನುತ್ತೇನೆ. ನಗಬೇಡಿ. ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸು, ಹಳೇಬೀಡಿಗೆ ಹೋಗುವ ಬಸ್ಸು, ಎರಡೂ ಹಗರೆವರೆಗೆ ಒಂದೇ ರಸ್ತೆಯಲ್ಲಿ ಹೋಗುತ್ತವೆ. ಹಗರೆಯಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇಬ್ಬರು ಇತಿಹಾಸಕಾರರೂ ಹಾಗೇ. ತುಂಬಾ ದೂರ ಒಟ್ಟಿಗೇ ಬರುತ್ತಾರೆ. ಒಂದೇ ಶಾಸನ, ಒಂದೇ ಇಸವಿ, ಒಂದೇ ರಾಜ. ಎಲ್ಲೋ ಒಂದು ಪದದ ಹತ್ತಿರ ಬೇರೆ ಆಗುತ್ತಾರೆ. ಮಕ್ಕಳಿಗೆ ಪೆನ್ಸಿಲ್ ಕೊಡಿ. ಆ ಪದಕ್ಕೆ ಸುತ್ತು ಹಾಕಿಸಿ. ‘ಹೇಗೆ ಬೇರೆ’ ಅನ್ನುವ ನಾಲ್ಕು ಅಂಕ ಅಲ್ಲೇ ಇದೆ.

ಹಗರೆ ಅಂದ ಮೇಲೆ ಬೇಲೂರಿಗೇ ಹೋಗೋಣ. ಚೆನ್ನಕೇಶವ ಗುಡಿ ಪ್ರತಿಷ್ಠೆ ಆದದ್ದು 1117. ಕಟ್ಟಿಸಿದ್ದು ಹೊಯ್ಸಳ ರಾಜ ವಿಷ್ಣುವರ್ಧನ, ಮೊದಲ ಹೆಸರು ಬಿಟ್ಟಿದೇವ. ಇಲ್ಲಿವರೆಗೆ ಎಲ್ಲರೂ ಒಂದೇ ರಸ್ತೆ. ಯಾಕೆ ಕಟ್ಟಿಸಿದ? ರಾಮಾನುಜರ ಪ್ರಭಾವದಿಂದ ಜೈನನಾಗಿದ್ದ ಬಿಟ್ಟಿದೇವ ವೈಷ್ಣವನಾದ, ಆ ಭಕ್ತಿಗೆ ಕಟ್ಟಿಸಿದ ಅನ್ನುವುದು ಒಂದು ಓದು. ಇದು ‘ಎ’ ಅನ್ನಿ. 1116ರಲ್ಲಿ ಚೋಳರಿಂದ ತಲಕಾಡು ಗೆದ್ದ, ‘ತಲಕಾಡುಗೊಂಡ’ ಅಂತ ಬಿರುದು ಹಾಕಿಕೊಂಡ, ಆ ಗೆಲುವಿನ ಗುರುತಿಗೆ ಕಟ್ಟಿಸಿದ ಅನ್ನುವುದು ಇನ್ನೊಂದು. ಇದು ‘ಬಿ’. ತನ್ನ ಮೇಲಿನ ದೊರೆಗಳಾಗಿದ್ದ ಚಾಲುಕ್ಯರಿಗೆ ‘ನಾನೂ ಏನು ಕಮ್ಮಿ ಇಲ್ಲ’ ಅಂತ ತೋರಿಸೋಕೆ ಅನ್ನುವವರೂ ಇದ್ದಾರೆ. ಅದನ್ನು ಸದ್ಯಕ್ಕೆ ಬಿಡೋಣ.

ಆ ದೇವರ ಮೊದಲ ಹೆಸರು ಗೊತ್ತಲ್ವಾ? ವಿಜಯನಾರಾಯಣ. ಒಂದೇ ಹೆಸರು. ‘ವಿಜಯ’ ಹಿಡಿದವರು ಯುದ್ಧದ ಕಡೆ ಹೋದರು. ‘ನಾರಾಯಣ’ ಹಿಡಿದವರು ಭಕ್ತಿಯ ಕಡೆ ಹೋದರು. ಹಗರೆ ಸಿಕ್ಕಿತು.

ಈಗ ಎಂಟು ಅಂಕದ ಪ್ರಶ್ನೆ. ಯಾವುದು ಒಪ್ಪುವಂಥದ್ದು? ಹುಡುಗ ‘ನನಗೆ ಎ ಇಷ್ಟ’ ಅಂದರೆ ಅಂಕ ಇಲ್ಲ. ಗುಡಿಯಿಂದ ಆಚೆ ಬಂದು ಏನಾದರೂ ತರಬೇಕು. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಇದು ನಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ದಂಡನಾಯಕ ಗಂಗರಾಜ ಜೈನ. ಇದೂ ಗೊತ್ತಿರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಹಳೇಬೀಡಿನ ಬಸದಿಹಳ್ಳಿಗೆ ಹೋಗಿ. ಹೊಯ್ಸಳೇಶ್ವರ ನೋಡಿದ ಜನ ಅಲ್ಲಿಗೆ ಜಾಸ್ತಿ ಹೋಗೋದಿಲ್ಲ, ಸುಮ್ನೆ ಪೇರಲೆ ಹಣ್ಣು ತಿಂದು ಬಸ್ ಹತ್ತುತ್ತಾರೆ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಕಟ್ಟಿಸಿದ. 1133ರ ಶಾಸನದ ಪ್ರಕಾರ, ಪ್ರತಿಷ್ಠೆಯ ಪ್ರಸಾದ ಹಿಡಿದುಕೊಂಡು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಹತ್ತಿರ ಹೋದರು. ಅವನು ಆಗಷ್ಟೇ ಒಂದು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಖುಷಿಯಲ್ಲಿ ಪ್ರಸಾದ ತಗೊಂಡು ಆ ದೇವರಿಗೆ ವಿಜಯಪಾರ್ಶ್ವ ಅಂತ, ಮಗನಿಗೆ ವಿಜಯನರಸಿಂಹ ಅಂತ ಹೆಸರಿಟ್ಟ.

ಗಮನಿಸಿದಿರಾ? ಬೇಲೂರಾಗಿ ಹದಿನಾರು ವರ್ಷದ ಮೇಲೆ, ವೈಷ್ಣವನಾದ ಅಂತ ನಾವು ಹೇಳುವ ರಾಜ ಜೈನ ತೀರ್ಥಂಕರನಿಗೆ ‘ವಿಜಯ’ ಅಂತ ಹೆಸರಿಡುತ್ತಿದ್ದಾನೆ, ಯುದ್ಧ ಗೆದ್ದ ಸಂತೋಷಕ್ಕೆ. ಅಂದರೆ ಅವನ ಬಾಯಲ್ಲಿ ‘ವಿಜಯ’ ಅಂದರೆ ನಿಜವಾದ ಯುದ್ಧದ ಗೆಲುವೇ. ಇದು ಬಿ ಓದಿಗೆ ಬಲ. ಹಾಗಂತ ಎ ಸತ್ತುಹೋಗಲಿಲ್ಲ. ಗೆಲುವಿಗೆ ಗುಡಿ ಕಟ್ಟಬೇಕಾದರೆ ಶಿವನಿಗೆ ಕಟ್ಟಬಹುದಿತ್ತು, ಜಿನನಿಗೆ ಕಟ್ಟಬಹುದಿತ್ತು. ನಾರಾಯಣನೇ ಯಾಕೆ? ‘ಯಾವಾಗ ಕಟ್ಟಿಸಿದ ಅನ್ನೋದಕ್ಕೆ ಬಿ ಉತ್ತರ ಕೊಡುತ್ತದೆ, ಯಾವ ದೇವರಿಗೆ ಅನ್ನೋದಕ್ಕೆ ಎ’ ಅಂತ ಒಬ್ಬ ಹುಡುಗ ಬರೆದರೆ ನಾನು ಎಂಟಕ್ಕೆ ಎಂಟು ಕೊಡುತ್ತೇನೆ. ‘ಎರಡೂ ಅವರವರ ದೃಷ್ಟಿಯಲ್ಲಿ ಸರಿ’ ಅಂತ ಬರೆದರೆ ಎರಡು. ಆ ವಾಕ್ಯ ಕೇಳೋಕೆ ದೊಡ್ಡದಾಗಿದೆ, ಒಳಗೆ ಏನೂ ಇಲ್ಲ. ಬರೆದವನು ಓದಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

(ಇಲ್ಲಿ ಒಬ್ಬರು ಎದ್ದು ‘ಟಿಪ್ಪು ಬಗ್ಗೆ ಇದನ್ನೇ ಮಾಡಿಸಬಹುದಾ ಸಾರ್?’ ಅಂತ ಕೇಳಿದರು. ಸಭೆಯೆಲ್ಲ ನಕ್ಕಿತು.)

ಮಾಡಿಸಬಹುದು. ಆದರೆ ಈಜು ಕಲಿಸೋಕೆ ಮೊದಲ ದಿನವೇ ತುಂಬಿ ಹರಿಯುವ ಹೇಮಾವತಿಗೆ ಯಾರೂ ಇಳಿಸೋದಿಲ್ಲ. ಮಕ್ಕಳು ಮನೆಯಿಂದ ಉತ್ತರ ತಂದಿರುವ ವಿಷಯದಲ್ಲಿ ಪೆನ್ಸಿಲ್ ಕೆಲಸ ಮಾಡೋದಿಲ್ಲ. ಮೊದಲು ಬಿಸಿ ಇಲ್ಲದ ವಿಷಯದಲ್ಲಿ ಕೈ ಪಳಗಲಿ. ಎರಡು ಸಾವಿರ ವರ್ಷ ಹಳೆಯದಾದರೆ ಇನ್ನೂ ಒಳ್ಳೆಯದು. ಯಾರೂ ಫೋನ್ ಮಾಡಿ ಬೈಯೋದಿಲ್ಲ.

ಅಂಥದ್ದೇ ಒಂದು ನಮ್ಮ ಜಿಲ್ಲೆಯಲ್ಲಿದೆ. ಶ್ರವಣಬೆಳಗೊಳದಲ್ಲಿ ಎಲ್ಲರೂ ದೊಡ್ಡಬೆಟ್ಟ ಹತ್ತುತ್ತಾರೆ, ಗೊಮ್ಮಟನನ್ನು ನೋಡೋಕೆ. ಎದುರಿನ ಚಿಕ್ಕಬೆಟ್ಟ ಚಂದ್ರಗಿರಿ. ಅಲ್ಲಿ ಪಾರ್ಶ್ವನಾಥ ಬಸದಿಯ ಹತ್ತಿರ ಬಂಡೆಯ ಮೇಲೆ ಒಂದು ಬರಹ ಇದೆ. ಕ್ರಿ.ಶ. ಸುಮಾರು 600ರದ್ದು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ ಕಾಲದ್ದು. ಆ ಬಂಡೆಯ ಮುಂದೆ ಕೂತು ನಾನು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಬಿಸಿಲಲ್ಲಿ ಅಕ್ಷರ ಕಾಣೋದಿಲ್ಲ. ಸಂಜೆ ಬೆಳಕು ಓರೆಯಾದಾಗ ಒಂದೊಂದೇ ಏಳುತ್ತವೆ.

ಅದು ಏನು ಹೇಳುತ್ತದೆ? ಮಹಾವೀರನಿಂದ ಶುರುಮಾಡಿ ಗುರುಗಳ ಪಟ್ಟಿ ಕೊಡುತ್ತದೆ. ಗೌತಮ, ಜಂಬೂ, ಗೋವರ್ಧನ, ಭದ್ರಬಾಹು. ಆಮೇಲೆ ವಿಶಾಖ, ಪ್ರೋಷ್ಠಿಲ, ಬುದ್ಧಿಲ, ಹೀಗೆ ಇನ್ನೂ ಕೆಲವರು. ಅವರ ಪರಂಪರೆಯಲ್ಲಿ ಬಂದ ಭದ್ರಬಾಹು ಸ್ವಾಮಿ, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಸಂಕಟ ಬರುತ್ತದೆ ಅಂತ ಮುಂಚೆಯೇ ಕಂಡು ಹೇಳಿದ. ಸಂಘವೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು. ಕಟವಪ್ರ ಅನ್ನುವ ಈ ಬೆಟ್ಟದ ಮೇಲೆ ಪ್ರಭಾಚಂದ್ರ ಅನ್ನುವ ಆಚಾರ್ಯ ಒಬ್ಬ ಶಿಷ್ಯನನ್ನು ಮಾತ್ರ ಉಳಿಸಿಕೊಂಡು ಸನ್ಯಸನದಿಂದ, ಅಂದರೆ ಅನ್ನ ನೀರು ಬಿಡುವ ವ್ರತದಿಂದ, ದೇಹ ಬಿಟ್ಟ. ಇಷ್ಟೇ. ಚಂದ್ರಗುಪ್ತ ಅನ್ನುವ ಹೆಸರೇ ಇದರಲ್ಲಿಲ್ಲ.

ಆದರೆ ನಾವೆಲ್ಲ ಪಾಠ ಮಾಡುತ್ತೇವೆ, ಚಂದ್ರಗುಪ್ತ ಮೌರ್ಯ ತನ್ನ ಗುರು ಭದ್ರಬಾಹುವಿನ ಜೊತೆ ಬಂದು ಇಲ್ಲಿ ಸಲ್ಲೇಖನದಿಂದ ಪ್ರಾಣ ಬಿಟ್ಟ ಅಂತ. ಎಲ್ಲಿಂದ ಬಂತು?

ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳನ್ನು ಅಚ್ಚು ಹಾಕಿಸಿದರು. ಅವರ ಓದು: ಇಲ್ಲಿನ ಭದ್ರಬಾಹು ಅಂದರೆ ಕೊನೆಯ ಶ್ರುತಕೇವಲಿ, ಅಂದರೆ ಜೈನ ಶಾಸ್ತ್ರವನ್ನೆಲ್ಲ ಬಲ್ಲ ಕೊನೆಯ ಗುರು, ಆ ಭದ್ರಬಾಹುವೇ. ಪ್ರಭಾಚಂದ್ರ ಅನ್ನೋದು ಚಂದ್ರಗುಪ್ತನ ದೀಕ್ಷೆಯ ಹೆಸರು. ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ. ಅವರ ಓದು: ಪಟ್ಟಿಯಲ್ಲಿ ಭದ್ರಬಾಹು ಒಂದು ಸಲ ಬಂದು ಹೋದ. ಆಮೇಲೆ ಎಷ್ಟೋ ಜನ ಗುರುಗಳು ಬಂದರು. ಆಮೇಲೆ ಮತ್ತೆ ‘ಭದ್ರಬಾಹು ಸ್ವಾಮಿ’ ಬರುತ್ತಾನೆ. ಇವನು ಬೇರೆ, ತುಂಬಾ ಈಚೆಯವನು. ಹಾಗಾದರೆ ಮೌರ್ಯ ರಾಜನಿಗೂ ಈ ಬೆಟ್ಟಕ್ಕೂ ಸಂಬಂಧ ಇಲ್ಲ.

ಈಗ ನಮ್ಮ ಮಕ್ಕಳ ಉತ್ತರ ಇಲ್ಲಿ ಇಟ್ಟು ನೋಡಿ. ರೈಸ್ ಬ್ರಿಟಿಷರು. ಫ್ಲೀಟ್ ಕೂಡ ಬ್ರಿಟಿಷರು. ಇಬ್ಬರೂ ಸರ್ಕಾರಿ ನೌಕರರು, ಇಬ್ಬರೂ ಕನ್ನಡ ಶಾಸನಗಳನ್ನು ಓದಿ ಓದಿ ಕಣ್ಣು ಸವೆಸಿಕೊಂಡವರು. ಇಬ್ಬರ ಮುಂದೆಯೂ ಇದ್ದದ್ದು ಒಂದೇ ಬಂಡೆ. ಪಕ್ಷಪಾತ ಅಂತ ಬರೆದು ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಪಟ್ಟಿಯಲ್ಲಿ ಎರಡು ಸಲ ಬರುವ ಹೆಸರು ಒಬ್ಬನದೋ ಇಬ್ಬರದೋ? ಹಗರೆ ಇರುವುದು ಅಲ್ಲಿ. ಅದಕ್ಕೇ ಇದು ತರಗತಿಗೆ ಬಂಗಾರದಂಥ ಉದಾಹರಣೆ.

ಇನ್ನೂ ಒಂದು ಮಜಾ ಇದೆ. ವಿನ್ಸೆಂಟ್ ಸ್ಮಿತ್ ಅಂತ ಭಾರತದ ಇತಿಹಾಸ ಬರೆದ ಇನ್ನೊಬ್ಬರು. ಅವರು ಮೊದಲು ಈ ಕಥೆಯನ್ನು ನಂಬಲಿಲ್ಲ. ತಮ್ಮ ಪುಸ್ತಕದ ಮುಂದಿನ ಆವೃತ್ತಿಯಲ್ಲಿ, ಎಲ್ಲಾ ಆಧಾರ ಮತ್ತೆ ನೋಡಿದ ಮೇಲೆ, ಕಥೆಯ ಮುಖ್ಯ ಭಾಗ ನಿಜ ಇರಬಹುದು ಅಂತ ಬರೆದರು. ಒಬ್ಬನೇ ಮನುಷ್ಯ, ಎರಡು ಅಭಿಪ್ರಾಯ. ದೇಶ ಬದಲಾಗಲಿಲ್ಲ, ಜಾತಿ ಬದಲಾಗಲಿಲ್ಲ, ಮನಸ್ಸು ಬದಲಾಯಿತು. ನಮ್ಮ ಮಕ್ಕಳಿಗೆ ಇದನ್ನು ಹೇಳಲೇಬೇಕು. ಅಭಿಪ್ರಾಯ ಬದಲಾಯಿಸಿದವನು ಸೋತವನು ಅಂತ ಅವರು ಟಿವಿ ನೋಡಿ ಕಲಿತಿದ್ದಾರೆ.

ರೈಸ್ ಕಡೆಗೆ ಬಲ ಏನಿದೆ? ಅದೇ ಬೆಟ್ಟದ ಇನ್ನೊಂದು ಬರಹ, ಸುಮಾರು 650ರದ್ದು, ಭದ್ರಬಾಹು ಮತ್ತು ಚಂದ್ರಗುಪ್ತ ಅಂತ ಇಬ್ಬರು ಮುನಿಗಳನ್ನು ಜೋಡಿಯಾಗಿ ಹೆಸರಿಸುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಸಿಕ್ಕ ಸುಮಾರು 900ರ ಶಾಸನಗಳು ಕಳ್ಬಪ್ಪು, ಅಂದರೆ ಇದೇ ಕಟವಪ್ರ ಬೆಟ್ಟದ ತುದಿಯಲ್ಲಿ ಈ ಇಬ್ಬರ ಪಾದದ ಗುರುತು ಇದೆ ಅನ್ನುತ್ತವೆ. 931ರಲ್ಲಿ ಹರಿಷೇಣ ಸಂಸ್ಕೃತದಲ್ಲಿ ಬರೆದ ಕಥೆಯಲ್ಲೂ ಚಂದ್ರಗುಪ್ತ ಬರುತ್ತಾನೆ. ಚಂದ್ರಗುಪ್ತ ಬಸದಿಗೆ ಹೋದರೆ ದಾಸೋಜ ಅನ್ನುವ ಶಿಲ್ಪಿಯ ಹೆಸರಿರುವ ಜಾಲಂಧ್ರ, ಅಂದರೆ ತೂತು ಕೊರೆದ ಕಲ್ಲಿನ ತೆರೆ ಇದೆ. ಅದರ ತುಂಬಾ ಸಣ್ಣ ಸಣ್ಣ ಚೌಕದಲ್ಲಿ ಇದೇ ಕಥೆ, ಈಗಿನ ಚಿತ್ರಕಥೆ ಪುಸ್ತಕದ ಹಾಗೆ. ಮಕ್ಕಳನ್ನು ಕರೆದುಕೊಂಡು ಹೋದರೆ ಅಲ್ಲಿಂದ ಅಲುಗಾಡೋದಿಲ್ಲ.

ಆದರೆ ಬುದ್ಧಿವಂತ ಹುಡುಗಿ ಒಬ್ಬಳು ಕೇಳುತ್ತಾಳೆ. ಚಂದ್ರಗುಪ್ತ ಮೌರ್ಯ ಇದ್ದದ್ದು ಕ್ರಿಸ್ತಪೂರ್ವ 300ರ ಆಸುಪಾಸು. ಮೊದಲ ಬರಹ ಕ್ರಿ.ಶ. 600. ನಡುವೆ ಒಂಬೈನೂರು ವರ್ಷ ಯಾರೂ ಏನೂ ಬರೆದಿಲ್ವಾ ಸಾರ್? ಮತ್ತೆ, 650ರ ಕಲ್ಲು ‘ಚಂದ್ರಗುಪ್ತ ಮುನಿ’ ಅನ್ನುತ್ತದೆ. ‘ಮೌರ್ಯ’ ಅನ್ನೋದಿಲ್ಲ, ‘ರಾಜ’ ಅನ್ನೋದಿಲ್ಲ. ಅಲ್ವಾ? ಹೌದಮ್ಮ, ಫ್ಲೀಟ್ ಪರವಾಗಿ ನೀನೇ ವಕಾಲತ್ತು ಹಾಕಿದೆ. ಕೂತ್ಕೋ, ಬರಿ.

ಒಂದು ಎಚ್ಚರಿಕೆ. ಆಧಾರ ಬೇರೆ, ಓದು ಬೇರೆ. ಬಂಡೆ ಆಧಾರ. ರೈಸ್ ಬರೆದದ್ದು ಓದು. ಮಕ್ಕಳು ‘ರೈಸ್ ಪ್ರಕಾರ ಬಂದ, ಆದ್ದರಿಂದ ಬಂದ’ ಅಂತ ಬರೆಯುತ್ತಾರೆ. ನಾವೂ ಹಾಗೇ ಹೇಳಿಕೊಡುತ್ತೇವೆ. ಪಠ್ಯಪುಸ್ತಕವೂ ಒಂದು ಓದೇ ಅಂತ ಹೇಳುವ ಧೈರ್ಯ ನಮಗೆ ಯಾವಾಗ ಬರುತ್ತದೋ ಗೊತ್ತಿಲ್ಲ. ನಾನು ನಿವೃತ್ತಿ ಆದ ಮೇಲೆ ಹೇಳುತ್ತಿದ್ದೇನೆ. ಅದೂ ಒಂದು ಥರದ ಧೈರ್ಯ, ಬಿಡಿ.

(ಇನ್ನೊಬ್ಬರು ಕೇಳಿದರು: ‘ಇದೆಲ್ಲ ಸರಿ ಸಾರ್. ಪಾಸಾಗೋಕೆ ಬೇಕಾದಷ್ಟೇ ಓದಿಸುವ ಪಾಸಿಂಗ್ ಪ್ಯಾಕೇಜ್ ಮಾಡಿ ಮುಗಿಸೋದರಲ್ಲೇ ಮಾರ್ಚ್ ಬಂದಿರುತ್ತದೆ. ಟೈಮ್ ಎಲ್ಲಿದೆ?’)

ಒಪ್ಪಿದೆ. ಎಂಬತ್ತು ಅಂಕದ ಪೇಪರನ್ನು ನಾವು ಬದಲಾಯಿಸೋಕಾಗಲ್ಲ. ಆದರೆ ಆಂತರಿಕ ಮೌಲ್ಯಮಾಪನದ ಇಪ್ಪತ್ತು ನಮ್ಮ ಕೈಯಲ್ಲೇ ಇದೆ. ಅಲ್ಲಿ ನಾವು ಏನು ಮಾಡಿಸುತ್ತೇವೆ? ಚಾರ್ಟ್. ಅಂಗಡಿಯಲ್ಲಿ ಸಿಗುವ ಚಿತ್ರ ಅಂಟಿಸಿ, ಸುತ್ತ ಸ್ಕೆಚ್ ಪೆನ್ ಬಾರ್ಡರ್. ವರ್ಷಕ್ಕೆ ಒಂದು ಸಲ ಅದರ ಬದಲು ಹತ್ತು ಸಾಲಿನ ಎರಡು ಗದ್ಯ ಕೊಡಿ. ನೀವೇ ಸರಳ ಕನ್ನಡದಲ್ಲಿ ಬರೆಯಿರಿ. ಒಂದು ಪೀರಿಯಡ್ ಸಾಕು. ಮೊದಲ ಸಲ ಕೆಟ್ಟದಾಗಿ ಬರೆಯುತ್ತಾರೆ. ನನ್ನ ತರಗತಿಯಲ್ಲಿ ಮೊದಲ ಸಲ ಅರ್ಧಕ್ಕರ್ಧ ಜನ ಎ ಗದ್ಯವನ್ನೂ ಬಿ ಗದ್ಯವನ್ನೂ ಹಾಗೇ ನಕಲು ಮಾಡಿ ‘ಆದರೆ’ ಅಂತ ಒಂದು ಪದ ನಡುವೆ ಸೇರಿಸಿ ಕೊಟ್ಟಿದ್ದರು. ಆ ‘ಆದರೆ’ಗೆ ಒಂದು ಅಂಕ ಕೊಟ್ಟೆ. ಯಾಕೆಂದರೆ ಅದು ಸರಿಯಾದ ಜಾಗದಲ್ಲಿತ್ತು.

ಊಟದ ಹೊತ್ತಾಯಿತು, ಇನ್ನು ಪ್ರಶ್ನೆ ಇದ್ದರೆ ಕೇಳಿ.

(ಚನ್ನರಾಯಪಟ್ಟಣದ ಕಡೆಯ ಒಬ್ಬ ಮೇಡಂ ಎದ್ದರು. ‘ಅಷ್ಟೆಲ್ಲ ಹೇಳಿದಿರಿ. ಕೊನೆಗೆ ಚಂದ್ರಗುಪ್ತ ಬಂದಿದ್ದನಾ ಇಲ್ವಾ? ಎಂಟು ಅಂಕಕ್ಕೆ ನೀವು ಏನು ಬರೆಯುತ್ತೀರಿ?’)

ಇದು ಬರುತ್ತದೆ ಅಂತ ಹೆದರಿಕೊಂಡೇ ಇದ್ದೆ. ಬರೆಯುತ್ತೇನೆ. ಏಳನೇ ಶತಮಾನದಲ್ಲಿ ಈ ಬೆಟ್ಟದ ಜನ ಭದ್ರಬಾಹು, ಚಂದ್ರಗುಪ್ತ ಅನ್ನುವ ಇಬ್ಬರು ಮುನಿಗಳನ್ನು ನೆನೆಯುತ್ತಿದ್ದರು, ಇದು ಖಚಿತ. ಆ ಮುನಿ ಮೌರ್ಯ ರಾಜನೇ ಅನ್ನೋದಕ್ಕೆ ಬಂಡೆ ಸಾಕಾಗೋದಿಲ್ಲ. ಪಟ್ಟಿಯ ಎರಡನೇ ಭದ್ರಬಾಹುವಿನ ವಿಷಯದಲ್ಲಿ ನನಗೆ ಫ್ಲೀಟ್ ಮಾತು ಹೆಚ್ಚು ಸರಿ ಕಾಣುತ್ತದೆ.

(ಮೇಡಂ ಕೂರಲಿಲ್ಲ. ‘ಅದೇ ಭದ್ರಬಾಹುವಿನ ಕಥೆ ಹೇಳೋಕೆ ಹೊರಟು, ಪಟ್ಟಿ ಮುಗಿಸಿ ಮತ್ತೆ ಅವನ ಹತ್ತಿರ ವಾಪಸ್ ಬಂದಿರಬಹುದಲ್ವಾ? ನಾವು ಕಥೆ ಹೇಳುವಾಗ ಹಾಗೇ ತಾನೇ ಮಾಡೋದು?’ ಅಂದರು. ನಾನು ಬಂಡೆಯ ಸಾಲನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡೆ. ಊಟದ ಸಾಲಿನಲ್ಲೂ ಅವರು ನನ್ನ ಹಿಂದೆಯೇ ನಿಂತಿದ್ದರು, ಕೈಯಲ್ಲಿ ಪೆನ್ಸಿಲ್ ಇತ್ತು.)